ಬಂಡೆಯ ಮೇಲಿನ ಅರಿವೆ

ಅಧ್ಯಕ್ಷಣ್ಣನ ಬೆರಳ ತುದಿಗಳು ನೆನೆಹಾಕಿದ ಕಡಲೆಯ ಹಾಗೆ ಸದಾ ಸುಕ್ಕುಗಟ್ಟಿರುತ್ತಿದ್ದವು. ಬೆಳಿಗ್ಗೆ ಹೊಳೆಯಿಂದ ಎಲ್ಲರಿಗಿಂತ ಕಡೆಗೆ ಮೇಲೆ ಬರುವವನು ಅವನು. ಮಧ್ಯಾಹ್ನ ಪಂಕ್ತಿ ಎದ್ದ ಮೇಲೆ ಕೊಪ್ಪರಿಗೆ ತೊಳೆಯುವವರ ಜೊತೆ ಕೈಹಾಕುವವನೂ ಅವನೇ. ಹಣೆಗೆ ವಿಭೂತಿ ಎಳೆದುಕೊಂಡರೆ ಆ ಸುಕ್ಕಿನ ಗೆರೆಗಳು ಪಟ್ಟೆಯಲ್ಲಿಯೂ ಮೂಡುತ್ತಿದ್ದವು. ಈಗಲೂ ಅವನನ್ನು ನೆನೆದರೆ ನನಗೆ ಮೊದಲು ಆ ಬೆರಳುಗಳು ಕಾಣುತ್ತವೆ, ಮುಖ ಆಮೇಲೆ.

ನಮ್ಮದು ಕಂಪ್ಲಿಯ ಹತ್ತಿರ, ತುಂಗಭದ್ರೆಯ ದಂಡೆಯ ಮೇಲಿದ್ದ ಒಂದು ಮಠದ ಪಾಠಶಾಲೆ. ಆಗ ಈ ಸೀಮೆ ಮದ್ರಾಸಿಗೆ ಸೇರಿತ್ತು. ಮೇಲಿನ ತರಗತಿಯವರಾದ ನಾವು ಪಾಠಶಾಲೆಯನ್ನು ಕಾಲೇಜು ಎಂದೇ ಹೇಳಿಕೊಂಡು ತಿರುಗುತ್ತಿದ್ದೆವು. ಊರಿನವರು ಮಾತ್ರ ನಮ್ಮನ್ನು "ಮಠದ ಹುಡುಗ್ರು" ಎಂದಷ್ಟೇ ಅನ್ನುತ್ತಿದ್ದರು. ನಾವು ಅಜ್ಜಾರು ಎಂದು ಕರೆಯುತ್ತಿದ್ದ ಮಠದ ಸ್ವಾಮಿಗಳಿಗೆ, ಪಟ್ಟಣದ ಕಾಲೇಜುಗಳಲ್ಲಿ ಇರುವ ಹಾಗೆ ನಮ್ಮಲ್ಲೂ ಒಂದು ವಿದ್ಯಾರ್ಥಿ ಸಂಘ ಇರಬೇಕೆಂದು ಮನಸ್ಸಾಯಿತು.

ಸಂಘದ ಅಧ್ಯಕ್ಷನಾಗಲು ನಿಂತವರು ಇಬ್ಬರು, ಮುಂದೆ ಎಲ್ಲರ ಬಾಯಲ್ಲೂ ಅಧ್ಯಕ್ಷಣ್ಣನಾದ ಅವನು ಮತ್ತು ನಾನು. ಗದ್ದುಗೆಯ ಮುಂದೆ ಎರಡು ಹಿತ್ತಾಳೆಯ ತಟ್ಟೆ ಇಟ್ಟರು. ಹುಡುಗರು ಒಬ್ಬೊಬ್ಬರಾಗಿ ಬಂದು, ತಮಗೆ ಬೇಕಾದವನ ತಟ್ಟೆಯಲ್ಲಿ ಒಂದು ಬಿಲ್ವಪತ್ರಿ ಹಾಕಿ ಹೋಗಬೇಕು. ನನ್ನಪ್ಪನಿಗೆ ಎಮ್ಮಿಗನೂರಿನಲ್ಲಿ ಅಕ್ಕಿ ಗಿರಣಿ ಇತ್ತು, ಮಠದ ದಾಸೋಹಕ್ಕೆ ಅಕ್ಕಿ ಅಲ್ಲಿಂದಲೇ ಬರುತ್ತಿತ್ತು. ಅವನು ಮೆಟ್ರಿ ಎಂಬ ಹಳ್ಳಿಯವನು, ಅವನಪ್ಪ ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದ. ಗೆಲ್ಲುವವನು ನಾನೇ ಎಂದುಕೊಂಡಿದ್ದೆ. ಕಡೆಗೆ ಅವನ ತಟ್ಟೆಯಲ್ಲಿ ಪತ್ರಿ ಗುಡ್ಡೆ ಬಿದ್ದಿತ್ತು, ನನ್ನ ತಟ್ಟೆಯ ತಳ ಕಾಣುತ್ತಿತ್ತು.

"ಏ ಗಿರಣಿ ಸಾವ್ಕಾರ, ಅಕ್ಕಿ ಆದ್ರ ಚೀಲಗಟ್ಲೆ ತರಿಸ್ತಿದ್ದಿ, ಪತ್ರಿ ಎಲ್ಲಿಂದ ತರಿಸ್ತಿಯಲೇ?" ಎಂದು ಜೊತೆಯವರು ಕಾಡಿದರು. ಅವನು ನಗಲಿಲ್ಲ. ನನ್ನನ್ನೇ ಕಾರ್ಯದರ್ಶಿ ಮಾಡಬೇಕೆಂದು ಅಜ್ಜಾರನ್ನು ಕೇಳಿಕೊಂಡ.

ಅಂದು ಸಂಜೆ ಅಜ್ಜಾರು ನಮ್ಮನ್ನು ಕೂರಿಸಿಕೊಂಡು ಯಾರ ಕೆಲಸ ಏನೆಂದು ಹೇಳಿದರು. ಕಾರ್ಯದರ್ಶಿಯದು ಮಾತಿನ ಕೆಲಸ: ಪ್ರಾರ್ಥನೆ ಹೇಳಿಸುವುದು, ಬಂದ ದೊಡ್ಡವರಿಗೆ ಸ್ವಾಗತ ಮಾಡುವುದು, ಹುಡುಗರ ಬೇಕುಬೇಡಗಳನ್ನು ಮಠಕ್ಕೆ ತಿಳಿಸುವುದು. ಅದನ್ನು ಕೇಳಿ ನನ್ನ ಎದೆ ಉಬ್ಬಿತು. ಆಮೇಲೆ ಅವನ ಕಡೆ ತಿರುಗಿದರು. "ಅಧ್ಯಕ್ಷ ಅಂದ್ರ ಮುಂದ ಕುಂದ್ರಾವ ಅಲ್ಲಪ, ಹಿಂದ ಉಳ್ಯಾವ. ಕಡೀಗೆ ಉಣ್ಣು, ಕಡೀಗೆ ನೀರಿಂದ ಏಳು. ಹೊಳಿ ನಿಂದು." ನಾವು ಮುಸಿಮುಸಿ ನಕ್ಕೆವು. ಇದೆಂಥ ಅಧ್ಯಕ್ಷಗಿರಿ, ನಮ್ಮ ಮನೆಯ ಆಳಿನದೂ ಇದೇ ಕೆಲಸವಲ್ಲವೇ ಎಂದು ನಾನು ಪಕ್ಕದವನ ಕಿವಿಯಲ್ಲಿ ಹೇಳಿದ್ದು ನೆನಪಿದೆ.

"ಹೊಳಿ ನಿಂದು" ಎಂಬ ಮಾತಿಗೆ ನಮ್ಮಲ್ಲಿ ಒಂದು ಅರ್ಥವಿತ್ತು. ಸ್ನಾನಘಟ್ಟದ ಪಕ್ಕದಲ್ಲಿ ಚಪ್ಪಟೆಯಾದ ಒಂದು ಬಂಡೆ. ಹೊಳೆಗೆ ಇಳಿಯುವ ಪ್ರತಿಯೊಬ್ಬನೂ ತನ್ನ ಒಣ ಧೋತ್ರವನ್ನು ಮಡಿಸಿ ಅದರ ಮೇಲಿಟ್ಟು ಇಳಿಯಬೇಕು, ಮೇಲೆ ಬಂದಾಗ ತನ್ನದನ್ನು ತಾನೇ ಎತ್ತಿಕೊಳ್ಳಬೇಕು. ಒಬ್ಬರ ಅರಿವೆಯನ್ನು ಇನ್ನೊಬ್ಬರು ಮುಟ್ಟಕೂಡದು. ಬಂಡೆಯ ಮೇಲೆ ಅರಿವೆ ಉಳಿದಿದೆ ಎಂದರೆ ಅಷ್ಟು ಜನ ಇನ್ನೂ ನೀರಿನಲ್ಲಿದ್ದಾರೆ ಎಂದು ಲೆಕ್ಕ. ಉಳಿದವರದೆಲ್ಲ ಹೋಗಿ, ಅಧ್ಯಕ್ಷನ ಅರಿವೆಯೊಂದೇ ಉಳಿದಾಗ ಅವನು ಮೇಲೆ ಬರಬೇಕು. ಅಧ್ಯಕ್ಷಣ್ಣ ಚಳಿಗಾಲದಲ್ಲೂ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಂಡೆಯನ್ನೇ ನೋಡುತ್ತಿರುತ್ತಿದ್ದ. ಸಣ್ಣ ಹುಡುಗರು ಬೇಕೆಂದೇ ತಡಮಾಡುತ್ತಿದ್ದರು. "ಏಳ್ರಲೇ ಕಪ್ಪಿಗೋಳ್ರಾ, ನನಗ ಚಳಿ ಆಕ್ಕೈತಿ!" ಎಂದು ಅವನು ಕೂಗಿದರೆ ಅವರಿಗೆ ಇನ್ನೂ ಖುಷಿ. ಪಂಕ್ತಿಯಲ್ಲಿಯೂ ಹಾಗೆಯೇ. ಬಾಗಿಲಲ್ಲಿ ನಿಂತು "ಯಾರರ ಉಳದೀರೇನು?" ಎಂದು ಹೊರಗೆ ಕೂಗಿದ ಮೇಲೆಯೇ ಅವನು ಎಲೆಯ ಮುಂದೆ ಕೂಡುತ್ತಿದ್ದ. ಎಷ್ಟೋ ದಿನ ಅವನ ಪಾಲಿಗೆ ಸಾರಿನ ತಳ ಮಾತ್ರ ಇರುತ್ತಿತ್ತು.

ಅವನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ. ಅವನನ್ನು ಕಾಶಿಗೆ ಕಳಿಸಿ ಓದಿಸಬೇಕು, ಹಿಂದಿರುಗಿದ ಮೇಲೆ ಪಾಠಶಾಲೆಯನ್ನು ಅವನ ಕೈಗೆ ಕೊಡಬೇಕು ಎಂದು ಅಜ್ಜಾರು ನಿಶ್ಚಯಿಸಿದ್ದರು.

ಆ ಶ್ರಾವಣದಲ್ಲಿ ಮಠಕ್ಕೆ ಸಂಡೂರಿನ ದರಬಾರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಹುಡುಗರು ಮಿಂದು, ಸಾಲಾಗಿ ಶಿವನಾಮ ಹೇಳುತ್ತ ಬರುವಾಗ ಸಾಲಿನ ಮುಂದೆ ನಾನು ಇರಬೇಕು, ಅದನ್ನು ಆ ಅಧಿಕಾರಿ ನೋಡಬೇಕು ಎಂದು ನನಗೆ ಆಸೆ. ಹಿಂದಿನ ದಿನವೇ ಅಧ್ಯಕ್ಷಣ್ಣನ ಬೆನ್ನುಹತ್ತಿದೆ. "ಒಂದಿನ ಹೊಳಿ ನನಗ ಬಿಡೋ. ನೀ ತ್ವಾಟಕ್ಕ ಹೋಗಿ ಬಾಳಿಎಲಿ ಕೊಯ್ಸಿಕೊಂಡು ಬಾ."

"ಹೊಳಿ ತುಂಬೇತಿ. ಬ್ಯಾಡ," ಎಂದ.

"ನನ್ನ ಮ್ಯಾಲ ನಂಬಿಕಿ ಇಲ್ಲೇನು? ಪತ್ರಿ ಕಡಿಮಿ ಬಿದ್ದಾವ ಅಂತ ಕೈಲಾಗದಾವ ಅಂದ್ಕಂಡಿಯೇನು?"

ಆ ಮಾತು ಅವನಿಗೆ ತಾಗಿತು. "ಅರಿವಿ ಮುಟ್ಟಬ್ಯಾಡ. ಬಂಡೆ ಬರಿದಾಗೋತನ ನೀರು ಬಿಟ್ಟು ಬರಬ್ಯಾಡ. ಇಷ್ಟ ನೋಡಪ," ಎಂದ.

ಮರುದಿನ ಬೆಳಿಗ್ಗೆ ಹುಡುಗರು ನೀರಿಗಿಳಿದರು. ನಾನು ದಂಡೆಯ ಮೇಲೆಯೇ ನಿಂತು ಸ್ವಾಗತದ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಹನಿ ಶುರುವಾಯಿತು. ಒದ್ದೆ ಧೋತ್ರದ ಹುಡುಗರನ್ನು ಅಧಿಕಾರಿಯ ಮುಂದೆ ನಿಲ್ಲಿಸುವುದು ಹೇಗೆ ಎಂದು ಗಾಬರಿಯಾಗಿ, ಬಂಡೆಯ ಮೇಲಿನ ಅರಿವೆಗಳನ್ನೆಲ್ಲ ಬಾಚಿ ಎದೆಗವಚಿಕೊಂಡು ಮೇಲಿನ ಮಂಟಪಕ್ಕೆ ಓಡಿದೆ. ಹುಡುಗರು ಓಡಿಬಂದು ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡರು. ಒಂದು ಧೋತ್ರ ಮಿಕ್ಕಿತು. ಈ ಗದ್ದಲದಲ್ಲಿ ಯಾರೋ ಒಬ್ಬ ಒದ್ದೆಯಲ್ಲಿಯೇ ಮಠಕ್ಕೆ ಓಡಿರಬೇಕು ಎಂದುಕೊಂಡು ಅದನ್ನು ಹೆಗಲ ಮೇಲೆ ಹಾಕಿಕೊಂಡೆ. ಹೊಳೆಯ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೂ ಬಂಡೆ ಬರಿದಾಗಿತ್ತು.

ಸಾಲು ಚೆನ್ನಾಗಿ ನಡೆಯಿತು. ಅಧಿಕಾರಿ ನನ್ನ ಬೆನ್ನು ತಟ್ಟಿದರು.

ಪಂಕ್ತಿಗೆ ಎಲೆ ಹಾಕಿದಾಗ ಅಧ್ಯಕ್ಷಣ್ಣ ಬಾಗಿಲಲ್ಲಿ ನಿಂತು ಎಂದಿನ ಹಾಗೆ ಕೂಗಿದ. ತಿರುಗಿದರೆ ಸಣ್ಣವರ ಸಾಲಿನಲ್ಲಿ ಒಂದು ಎಲೆಯ ಮುಂದೆ ಯಾರೂ ಇಲ್ಲ. ಅದು ಮಲಪನಗುಡಿಯ ಹುಡುಗನ ಜಾಗ. ತಂದೆಯಿಲ್ಲದ ಮಗು, ತಾಯಿ ಕೂಲಿ ಮಾಡಿ ಬದುಕುವವಳು. ಅಧ್ಯಕ್ಷಣ್ಣ ನನ್ನನ್ನು ನೋಡಿದ, ನನ್ನ ಹೆಗಲ ಮೇಲೆ ಇನ್ನೂ ಇದ್ದ ಆ ಧೋತ್ರವನ್ನು ನೋಡಿದ. ಹೊಳೆಗೆ ಓಡಿದ. ಸಂಜೆ, ಕೆಳಗಿನ ಮಡುವಿನಲ್ಲಿ ಹುಡುಗನ ದೇಹ ಸಿಕ್ಕಿತು. ಎತ್ತಿಕೊಂಡು ಬಂದವನು ಅವನೇ.

ಅಜ್ಜಾರು ಎಲ್ಲರನ್ನೂ ಕೂರಿಸಿ ಕೇಳಿದರು: "ಇವತ್ತು ಹೊಳಿ ಯಾರದಿತ್ತು?"

ನಾನು ತಲೆ ತಗ್ಗಿಸಿ ನೆಲ ನೋಡಿದೆ.

"ಹೊಳಿ ನಂದ್ರಿ ಅಜ್ಜಾರ," ಎಂದ ಅವನು.

ಹುಡುಗರಿಗೆ ಗೊತ್ತಿತ್ತು. ಆದರೆ ಅಧ್ಯಕ್ಷನೇ ತನ್ನದೆಂದ ಮೇಲೆ ಯಾರು ಬಾಯಿಬಿಡುತ್ತಾರೆ? ಅವರು ಉಣ್ಣುತ್ತಿದ್ದುದೂ ನನ್ನಪ್ಪನ ಗಿರಣಿಯ ಅಕ್ಕಿಯನ್ನೇ. ಕಾಶಿಯ ಮಾತು ಅಲ್ಲಿಗೆ ನಿಂತಿತು. ಅವನನ್ನು ಮಠ ಬಿಡಲು ಹೇಳಿದರು. ಗಂಟು ಕಟ್ಟಿಕೊಳ್ಳುತ್ತಿದ್ದವನ ಹತ್ತಿರ ಹೋಗಿ "ಯಾಕ ಹಂಗ ಅಂದಿ?" ಎಂದು ಕೇಳಿದೆ. ಅವನು ತಲೆ ಎತ್ತದೆ ಹೇಳಿದ: "ಕೆಲಸ ಕೊಡಬೋದು, ಹೊಣಿ ಕೊಡಾಕ ಬರಂಗಿಲ್ಲ. ಹೊಳಿ ನಂದಿತ್ತು, ನಿನಗ ಕೊಟ್ಟಾವ ನಾನ."

ಅಜ್ಜಾರು ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಆಮೇಲೆ ನಾನೂ ಪಂಕ್ತಿಯಲ್ಲಿ ಕಡೆಗೆ ಉಂಡೆ. ಒಂದು ದಿನವೂ ಹಸಿವಾಗಲಿಲ್ಲ.

ಮಠ ಬಿಟ್ಟು ಹೊಸಪೇಟೆಯಲ್ಲಿ ಹೈಸ್ಕೂಲು ಮುಗಿಸಿ ಗಿರಣಿಯಲ್ಲಿ ಕುಳಿತೆ. ಕೆಲವು ವರ್ಷಗಳ ಮೇಲೆ ಅವನನ್ನು ಕಂಪ್ಲಿಯ ಹೊರಗಿನ ಒಂದು ಆಲೆಮನೆಯಲ್ಲಿ ಕಂಡೆ. ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತಿದ್ದ. ಬೆರಳುಗಳಲ್ಲಿ ಸುಕ್ಕಿರಲಿಲ್ಲ, ಸುಟ್ಟ ಕಲೆಗಳಿದ್ದವು. "ಬರ್ರಿ ಕಾರ್ಯದರ್ಶಿ, ಕುಂದ್ರಿ," ಎಂದು ನಕ್ಕು, ಕಬ್ಬಿನ ಹಾಲು ಕೊಟ್ಟ. ನಾನು ಅತ್ತೆ. ಏನು ಮಾಡಲಿ ಹೇಳು ಎಂದೆ.

"ಮಠದಾಗ ನಾ ಹೇಳಿದ್ದು ಹೇಳಿದೆ, ಅದು ಮುಗೀತು. ಆದ್ರ ಆ ಹುಡುಗನ ಅವ್ವಗ ನೀ ಹೇಳ್ಬೇಕು. ನಾ ಕೂಸಿನ್ನ ನೀರಾಗ ಬಿಟ್ಟು ಉಣ್ಣಾಕ ಹೋದೆ ಅಂತ ತಿಳ್ಕಂಡಾಳ. ಮಗ ಹೆಂಗ ಹೋದ ಅನ್ನೋದು ತಾಯಿಗೆ ಖರೆ ಗೊತ್ತಿರ್ಬೇಕಲ್ಲ."

ಮಲಪನಗುಡಿಗೆ ಹೋದೆ. ಹಳೆಯ ಮೆಟ್ಟಿಲು ಬಾವಿಯಿಂದ ಆಕೆ ಕೊಡ ಹೊತ್ತು ಬರುತ್ತಿದ್ದಳು. ಮಠದ ಕಡೆಯವನು ಎಂದೊಡನೆ ಕೊಡ ಇಳಿಸಿ, ಬಿಸಿಲಲ್ಲಿ ಬಂದಿದ್ದೀ ಎಂದು ನೀರು ಕೊಟ್ಟಳು. "ನೀ ನನ್ ಮಗನ ಜೊತಿ ಇದ್ದಾವ ಏನಪ್ಪ? ಆ ಅಧ್ಯಕ್ಷ ಅನ್ನಾವನ ಹೊಟ್ಟಿ ಯಾವತ್ತೂ ತಣ್ಣಗಿರಬಾರ್ದು ನೋಡು," ಎಂದಳು. ನಾನು ಆ ನೀರು ಕುಡಿದು, ಬೊಗಸೆ ಒರೆಸಿಕೊಂಡು, ಹೇಳದೆ ತಿರುಗಿ ಬಂದೆ. ಮಠದಲ್ಲಿ ಸುಮ್ಮನಿದ್ದಾಗ ನಾನು ಹುಡುಗ. ಇಲ್ಲಿ ನಾನು ಮೀಸೆ ಬಂದ ಗಂಡಸು.

"ಹೇಳಿದ್ಯಾ?" ಎಂದು ಆಲೆಮನೆಯಲ್ಲಿ ಅಧ್ಯಕ್ಷಣ್ಣ ಕೇಳಿದಾಗ "ಹೇಳಿದೆ" ಎಂದೆ. ಅವನು ಕಣ್ಣು ಮುಚ್ಚಿ ಕೈಮುಗಿದ.

ನಾನು ಆಮೇಲೆ ಆ ದಾರಿಯಲ್ಲಿ ಹೋಗಲಿಲ್ಲ. ಅವನು ಚಳಿಜ್ವರದಲ್ಲಿ ತೀರಿಕೊಂಡನೆಂದು ಸುದ್ದಿ ಬಂದಾಗಲೇ ಹೋದದ್ದು. ಅವನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು.

"ನೀವಾ ಏನ್ರಿ ಕಾರ್ಯದರ್ಶಿ ಅಣ್ಣಾರು? ಹ್ವಾದ ಸಂಕ್ರಾಂತಿಗೆ ಹೊಸ ಬೆಲ್ಲದ ಅಚ್ಚು ತಗಂಡು ಮಲಪನಗುಡಿಗೆ ಹೋಗಿದ್ರು. ಇನ್ನ ಆಕಿಗೆ ಮಾರಿ ತೋರಸಬೋದು ಅಂತ ಭಾಳ ಖುಷಿಲೆ ಹ್ವಾದ್ರು. ಆಕಿ ಬೆಲ್ಲ ಬೀದ್ಯಾಗ ಒಗದ್ಳಂತ. ಬಂದಾವ್ರು ಯಾಕ ಅಂತ ಹೇಳ್ಲಿಲ್ಲ. ಜ್ವರ ಏರಿದಾಗ ಒಂದಾ ಮಾತು ಅಂದ್ರು: ನನ್ನ ಮಣ್ಣಿನ ದಿನ ಕಾರ್ಯದರ್ಶಿ ಬರ್ತಾನ, ಹೊಳಿ ಅವಂದು ಅಂತ ಹೇಳು. ಹಂಗಂದ್ರ ಏನ್ರಿ ಅಣ್ಣಾರ?"

ಮಣ್ಣು ಕೊಟ್ಟ ಮೇಲೆ ಎಲ್ಲರೂ ಹೊಳೆಗೆ ಹೋಗಿ ಮಿಂದರು. ನಾನು ಸೊಂಟದ ಮಟ್ಟ ನೀರಿನಲ್ಲಿ ನಿಂತು, ದಂಡೆಯ ಮೇಲಿನ ಅರಿವೆಗಳು ಒಂದೊಂದಾಗಿ ಹೋಗುವುದನ್ನು ನೋಡಿದೆ. ನನ್ನದೊಂದೇ ಉಳಿದಾಗ ಮೇಲೆ ಬಂದು, ಅದನ್ನುಟ್ಟುಕೊಂಡು ನೇರ ಮಲಪನಗುಡಿಯ ದಾರಿ ಹಿಡಿದೆ.

ಆಕೆ ಹೊಸ್ತಿಲಲ್ಲಿ ಕುಳಿತಿದ್ದಳು. "ಯವ್ವಾ, ಅವತ್ತು ಹೊಳಿ ನಂದಿತ್ತು," ಎಂದೆ. ಅರಿವೆ ಬಾಚಿದ್ದನ್ನು, ಹೆಗಲ ಮೇಲೆ ಹಾಕಿಕೊಂಡದ್ದನ್ನು, ಆಕೆಯ ಕೈಯ ನೀರು ಕುಡಿದು ಸುಮ್ಮನೆ ಹೋದದ್ದನ್ನು ಎಲ್ಲ ಹೇಳಿದೆ. ಬಯ್ಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ.

"ಬೆಲ್ಲ ತಂದಿದ್ನಲ್ಲ, ಅವ ಎಲ್ಲದಾನ?" ಎಂದಳು.

"ಇವತ್ತು ಮಣ್ಣಾದ್ನವ್ವಾ."

ಆಕೆ ನನ್ನನ್ನು ನೋಡಲಿಲ್ಲ. ಆ ಬೆಲ್ಲ ಒಗೆದಿದ್ದ ಬೀದಿಯನ್ನೇ ನೋಡುತ್ತಿದ್ದಳು.

"ಹಂಗಾದ್ರ ನಾ ಇನ್ನ ಯಾರಿಗೆ ಹೇಳ್ಲೋ, ತಪ್ಪಾತು ಅಂತ?" ಎಂದಳು.