ಅರ್ಧ ಕಡಿದ ಮರಗಳು ಮತ್ತು ಫ್ರೆಂಚ್ ಸಸ್ಪೆನ್ಸ್

ಹತ್ತು ಕೊಡಲಿ ಏಟು. ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಅಷ್ಟು ಹೊತ್ತು. ವಾರದಿಂದ ಎಣಿಸುತ್ತಲೇ ಇದ್ದೇನೆ. ಒಂಬತ್ತೂ ಆಗುವುದಿಲ್ಲ, ಹನ್ನೊಂದೂ ಆಗುವುದಿಲ್ಲ.

ಈ ವಾರ ನಾನು ಬರೆಯಬೇಕಿದ್ದದ್ದು ಫ್ರೆಂಚ್ ಸಸ್ಪೆನ್ಸ್ ಸಿನಿಮಾಗಳ ಬಗ್ಗೆ. ಮೈಸೂರಿನ ಫಿಲಂ ಸೊಸೈಟಿಯವರು ಸಾಲಾಗಿ ನಾಲ್ಕು ತೋರಿಸಿದ್ದರು. "ಗುಣ ಎಷ್ಟು, ದೋಷ ಎಷ್ಟು, ಬರೆದು ಕಳಿಸಿಬಿಡಿ" ಅಂದರು ಸಂಪಾದಕರು. ನಿಧಾನವಾಗಿ ಕೂತು ಬರೆಯೋಣವೆಂದು ನೂಲ್ಪುಳದ ಚಿಕ್ಕಮ್ಮನ ಮನೆಗೆ ಬಸ್ ಹತ್ತಿದೆ. (ವಯನಾಡಿನಲ್ಲಿ ನೆಮ್ಮದಿ ಇದೆ ಅಂತ ನನಗೆ ಯಾರು ಹೇಳಿದ್ದೋ!)

ಚಿಕ್ಕಮ್ಮನ ಮನೆ ಗದ್ದೆಯ ಅಂಚಿಗೆ. ಗದ್ದೆ ದಾಟಿದರೆ ತೋಡು ಎಂಬ ಸಣ್ಣ ಹಳ್ಳ, ತೋಡು ದಾಟಿದರೆ ಗುಡ್ಡ. ತಿರುವಾಂಕೂರಿನ ಕಡೆಯಿಂದ ಬಂದ ಮತ್ತಾಯಿ ಮತ್ತು ಅವನ ಹೆಂಡತಿ ಏಲಿ ಆ ಗುಡ್ಡದ ಬುಡದಲ್ಲಿ ಹುಲ್ಲಿನ ಗುಡಿಸಲು ಹಾಕಿಕೊಂಡಿದ್ದಾರೆ. ಮಳೆಗೆ ಮೊದಲು ಕಾಡು ಕಡಿದು ಮರಗೆಣಸು ನೆಡಬೇಕು. ಅದೇನು ಆತುರವೋ!

ಇವರು ಮರ ಕಡಿಯುವ ಕ್ರಮ ಬೇರೆ. ಕೆಳಗಿನಿಂದ ಮೇಲಕ್ಕೆ ಒಂದೊಂದು ಮರವನ್ನೂ ಅರ್ಧ ಕಡಿದು ಹಾಗೇ ನಿಲ್ಲಿಸುತ್ತಾ ಹೋಗುತ್ತಾರೆ. ಕೊನೆಗೆ ನೆತ್ತಿಯ ದೊಡ್ಡ ಮರವನ್ನು ಪೂರ್ತಿ ಕಡಿಯುತ್ತಾರೆ. ಅದು ಕೆಳಗಿನದರ ಮೇಲೆ, ಅದು ಅದರ ಕೆಳಗಿನದರ ಮೇಲೆ. ಒಂದೇ ಉಸಿರಿಗೆ ಗುಡ್ಡ ಬೋಳು. ಕೊನೆಯ ಏಟುಗಳಿಗೆ ಮೊದಲು ಮೂರು ಸಲ 'ಕೂಯ್' ಎಂದು ಕೂಗಿ ಎಲ್ಲರನ್ನೂ ಎಚ್ಚರಿಸಬೇಕು. ಇರುವುದು ಅದೊಂದೇ ನಿಯಮ.

ಗುರುವಾರ ಬೆಳಿಗ್ಗೆ ಜಗಲಿಯಲ್ಲಿ ಕಾಗದ ಹರಡಿಕೊಂಡು ಗುಣಗಳನ್ನು ಬರೆದು ಮುಗಿಸಿದೆ. ಈ ಚಿತ್ರಗಳಿಗೆ ಅವಸರವಿಲ್ಲ. ಒಬ್ಬ ಬೀಗ ಬಿಚ್ಚುತ್ತಾನೆಂದರೆ, ಬಿಚ್ಚುವಷ್ಟು ಹೊತ್ತೂ ತೋರಿಸುತ್ತಾರೆ. (ನಮ್ಮಲ್ಲಾದರೆ ಅಷ್ಟರಲ್ಲಿ ಎರಡು ಹಾಡು ಮುಗಿದಿರುತ್ತವೆ.) ಪಿಟೀಲು ಬಂದು 'ಈಗ ಹೆದರಿಕೊಳ್ಳಿ' ಅನ್ನುವುದಿಲ್ಲ. ಬೆರಳು, ಹಗ್ಗ, ಬೆಂಕಿಕಡ್ಡಿ, ಉಸಿರು. ಪಾತ್ರಕ್ಕೆ ಗೊತ್ತಿಲ್ಲದ ಅಪಾಯ ನಮಗೆ ಗೊತ್ತು. ಬಾಯಿ ಒಣಗುತ್ತದೆ. ಭೇಷ್!

ದೋಷ? ಆ ಊರುಗಳಲ್ಲಿ ನೆರೆಹೊರೆಯೇ ಇಲ್ಲ. ಹೆಣ ಹೊತ್ತು ಹೋಗುವವನಿಗೆ ಯಾರಾದರೊಬ್ಬರು ಕಿಟಕಿ ತೆಗೆದು "ಏನಪ್ಪಾ ಆ ಮೂಟೆಯಲ್ಲಿ?" ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೆಂಗಸರು ಇರುವುದು ಮೋಸ ಮಾಡುವುದಕ್ಕೆ, ಇಲ್ಲವೇ ಮೋಸ ಹೋಗುವುದಕ್ಕೆ. ಕೊನೆಯ ಐದು ನಿಮಿಷದಲ್ಲಿ ವಿಧಿ ಬಂದು ಕಪಾಳಕ್ಕೆ ಬಾರಿಸುತ್ತದೆ, ಪ್ರತಿ ಸಲವೂ.

ಇಷ್ಟು ಬರೆದು ತಲೆ ಎತ್ತಿದೆ.

ನೆತ್ತಿಯ ಮರದ ತುದಿ ಅಲ್ಲಾಡುತ್ತಿತ್ತು. ಗಾಳಿಗಲ್ಲ. ಬೀಳುವುದು ಸಂಜೆಗೇ ಎಂದು ಮತ್ತಾಯಿ ಬೆಳಿಗ್ಗೆ ಹೇಳಿದ್ದ ಮರ. ಒಳಗೆ ಪೊಳ್ಳಾಗಿತ್ತೆಂದು ಆಮೇಲೆ ಗೊತ್ತಾಯಿತು. ಕೊನೆಯ ಏಟು ಹತ್ತಿರ ಬಂದದ್ದು ಮೇಲೆ ಕಡಿಯುತ್ತಿದ್ದ ಮತ್ತಾಯಿಗೂ ಅವನ ಜೊತೆಯವರಿಗೂ ತಿಳಿಯದು. ಹಾಗಾಗಿ ಅವರು ಕೂಗಿಲ್ಲ. ಅದೇ ಹೊತ್ತಿಗೆ ಕೆಳಗೆ, ತೋಡಿನ ಪಕ್ಕದ ಕಾಲುದಾರಿಯಲ್ಲಿ, ತಲೆಯ ಮೇಲೆ ಗಂಜಿಯ ಮಡಕೆ ಹೊತ್ತುಕೊಂಡು ಏಲಿ ಬಂದಳು. ಮೇಲಿದ್ದವರಿಗೆ ಅವಳು ಕಾಣಳು. ಅವಳಿಗೆ ಮರದ ತುದಿ ಕಾಣದು. ಎರಡೂ ಕಾಣುತ್ತಿದ್ದದ್ದು ನನಗೊಬ್ಬಳಿಗೆ.

ಏನು ಮಾಡಿದೆ? ನೋಡಿದೆ!

ಕೊಡಲಿ, ಏಲಿ. ಕೊಡಲಿ, ಏಲಿ. ಎಂಥ ಎಡಿಟಿಂಗ್ ಎಂದು ತಲೆಯ ಯಾವುದೋ ಮೂಲೆ ಮೆಚ್ಚಿಕೊಂಡಿತು ಕೂಡ. ಕೈಯಲ್ಲಿ ಪೆನ್ನು. ಹತ್ತು ಏಟು.

ಅಂಗಳದಾಚೆ ಬಗ್ಗಿ ಕಳೆ ಕೀಳುತ್ತಿದ್ದ ಚಿಕ್ಕಮ್ಮ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದರು. ಗುಡ್ಡದ ಕಡೆ ನೋಡಿದರು. ಅಷ್ಟೇ.

"ಕೂ...ಯ್! ಏಲೀ! ತೋಡಿಗ್ ಬೀಳೇ! ತೋಡಿಗೇ!"

ಕೊಡಲಿ ನಿಂತಿತು. ಮರ ನಿಲ್ಲಲಿಲ್ಲ. ಏಲಿ ಮಡಕೆ ಎಸೆದು ತೋಡಿನ ಬಂಡೆಯ ಮರೆಗೆ ಬಿದ್ದದ್ದು ಕಂಡಿತು. ಆಮೇಲೆ ಗುಡ್ಡವೇ ಕೆಳಗೆ ಜಾರಿದಂಥ ಸದ್ದು, ಧೂಳು, ಎಲೆ. ಒಂದು ಕೊಂಬೆ ಮುರಿದು ಗದ್ದೆಯ ನಡುವಿಗೆ ಬಂದು ಬಿತ್ತು.

ಮತ್ತಾಯಿ ಬಿದ್ದ ಮರಗಳ ಮೇಲೆ ತೆವಳುತ್ತಾ ಇಳಿದ, ತಾನು ನೋಡಲೇ ಇಲ್ಲ ಎನ್ನುತ್ತಾ. "ಞಾನ್ ಕಂಡಿಲ್ಲ ಅಮ್ಮೇ, ಞಾನ್ ಕಂಡಿಲ್ಲ..." ಏಲಿ ಬಂಡೆಯ ಹಿಂದಿನಿಂದ ಎದ್ದಳು. ಮೊಣಕಾಲಿನಿಂದ ರಕ್ತ ಸೋರುತ್ತಿತ್ತು. ಗಂಡನಿಗೆ ಅವಳ ಮೊದಲ ಮಾತು: "ಓ ಮನುಷ್ಯಾ, ಸಂಜೆ ಅಂದ್ಯಲ್ಲ! ಇದೇನಾ ನಿನ್ನ ಸಂಜೆ? ಇನ್ನು ನಿನ್ನ ಗಂಜಿ ನೀನೇ ಕಾಯಿಸ್ಕೋ!"

ಆಮೇಲೆ ಇಬ್ಬರೂ ಅಲ್ಲೇ ಕೂತು ಅತ್ತರು.

ಊಟದ ಹೊತ್ತಿಗೆ ಚಿಕ್ಕಮ್ಮ ನನ್ನ ಮುಖ ನೋಡದೆ ಕೇಳಿದರು: "ನೀ ಮೊದ್ಲೇ ಕಂಡಿದ್ದೆ ಕಣ್ ಮಗ. ಕೂಗ್ಬಾರ್ದಾಗಿತ್ತಾ?"

"ಸಿನಿಮಾ ನೋಡಿದ ಹಾಗಾಗಿಬಿಡ್ತು ಚಿಕ್ಕಮ್ಮ. ಅಲ್ಲಿ ಕೂಗಿದ್ರೂ ಕೇಳಿಸಲ್ಲ."

"ಏಲಿಗೆ ಕಿವಿ ಅದೆಯಲ್ಲ?"

ಸಂಪಾದಕರೇ, ದೋಷದ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ. ನೋಡುವವರು ತೆಪ್ಪಗೆ ಕೂತರೆ ಮಾತ್ರ ನಡೆಯುವ ಕಲೆ ಅದು. ಕತ್ತಲ ಹಾಲ್‌ನಲ್ಲಿ ಅದೇ ಅದರ ಗುಣ. ಜಗಲಿಯಲ್ಲಿ?

ಆದರೆ ಫ್ರೆಂಚರನ್ನು ಬೈದು ಏನು ಬಂತು? ಅವರೇನು ನನ್ನ ಬಾಯಿ ಹೊಲಿದಿದ್ದರೇ? ಸಿನಿಮಾನೇ ನೋಡದವರೂ ಹೀಗೇ ನೋಡುತ್ತಾ ನಿಲ್ಲುವುದಿಲ್ಲವೇ? ಮೈಸೂರಿನ ಬೀದಿಯಲ್ಲಿ ಜಟಕಾ ಕುದುರೆ ಕೆರಳಿದರೆ ನಮ್ಮಲ್ಲಿ ಕೂಗುವವರೆಷ್ಟು, ಕಾಂಪೌಂಡ್ ಹತ್ತಿ ನೋಡಲು ಜಾಗ ಹಿಡಿಯುವವರೆಷ್ಟು? ನನಗೆ ಆದದ್ದು ಹೆದರಿಕೆಯೋ, ಚಟವೋ ಗೊತ್ತಿಲ್ಲ. ಸೌದೆ ಸೀಳುವ ಸದ್ದು ಕೇಳಿದರೂ ಈಗ ಏಟು ಎಣಿಸುತ್ತೇನೆ.

ಭಾನುವಾರ ಏಲಿ ಸಂತೆಯಲ್ಲಿ ಕೊಂಡ ಒಂದು ಬುಟ್ಟಿ ಮರಗೆಣಸು ಹೊತ್ತು ಕುಂಟುತ್ತಾ ಬಂದಳು. ಅಕ್ಕ ಎಂದು ಕರೆದು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವಿಬ್ರೂ ಕೂಗಿದ್ದಕ್ಕೆ ಞಾನ್ ಉಂಟು, ಚೇಚಿ."

ಚಿಕ್ಕಮ್ಮ ಎದ್ದು ಒಳಗೆ ಹೋದರು. (ಬೇಕೆಂದೇ.) ನಾನು "ಅಯ್ಯೋ, ಅದಕ್ಕೇನಂತೆ" ಅಂದೆ. ಚಿಕ್ಕಮ್ಮ ಗೆಣಸು ಬೇಯಿಸಿ ಗಾಂಧಾರಿ ಮೆಣಸಿನ ಚಟ್ನಿಯ ಜೊತೆ ಕೊಟ್ಟರು. ತಿಂದೆ.

ಏಲಿಗೆ ಕನ್ನಡ ಓದಲು ಬರುವುದಿಲ್ಲ. ಬರುತ್ತಿದ್ದರೆ ಇದನ್ನು ಬರೆಯುತ್ತಿದ್ದೆನೇ?