ದೇವರ ಮನೆಯ ಚಿಲಕ

ನನ್ನ ಉದ್ಯೋಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಅರ್ಧ ಸುಳ್ಳು ಹೇಳುತ್ತೇನೆ. ಮದುವೆ ಮನೆಗಳಲ್ಲಂತೂ ‘ಮಕ್ಕಳ ಜೊತೆ ಕೆಲಸ’ ಎಂದು ತೇಲಿಸಿಬಿಡುತ್ತೇನೆ. ಬಾಲವಾಡಿ ಇರಬೇಕೆಂದುಕೊಂಡು ಅವರು ನಗುತ್ತಾರೆ, ನಾನೂ ನಗುತ್ತೇನೆ. ಸಾವಾದ ಮನೆಗಳಿಗೆ ಹೋಗಿ ಅಲ್ಲಿಯ ಮಕ್ಕಳ ಜೊತೆ ಕೂತು ಬರುವುದು ನನ್ನ ಕೆಲಸ ಎಂದು ಒಮ್ಮೆ ನಿಜ ಹೇಳಿದ್ದಕ್ಕೆ, ಪಕ್ಕದ ಹೆಂಗಸು ತನ್ನ ಕುರ್ಚಿಯನ್ನು ಒಂದು ಮೊಳ ಆಚೆ ಸರಿಸಿಕೊಂಡಳು. ಆಕೆಯ ಮಗಳ ಮದುವೆ ಅದು, ತಪ್ಪೇನೂ ಇಲ್ಲ.

ಗಂಡನ ಬ್ಯಾಂಕಿನ ವರ್ಗಾವಣೆ ನನ್ನನ್ನು ಮೈಸೂರಿನಿಂದ ನಾಗಪುರಕ್ಕೆ ತಂದು ಹಾಕಿ ಹನ್ನೊಂದು ವರ್ಷವಾಗಿತ್ತು. ನಮ್ಮದು ಮೂರು ಜನ, ಒಂದು ಮೇಜಿನ ಸಂಸ್ಥೆ. ಮೇ ತಿಂಗಳ ಬಿಸಿಲಿನಲ್ಲಿ ತಲೆ ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡು, ಮೊಪೆಡ್ ಏರಿ, ಇವತ್ತು ಕಾಮಠಿ ನಾಳೆ ಬುಟಿಬೋರಿ ಎಂದು ಅಲೆಯುತ್ತಿದ್ದೆ. ದುಃಖ ನೋಡಿ ನೋಡಿ ದಣಿದಿರಬೇಕು ನೀವು ಎಂದು ಜನ ಮರುಗುತ್ತಿದ್ದರು. ಮೆಟ್ಟಿಲು ಹತ್ತಿ ಹತ್ತಿ ದಣಿದಿದ್ದೇನೆ ಎಂದು ನಾನು ಹೇಳುತ್ತಿದ್ದೆ. ಅದೂ ಅರ್ಧ ಸುಳ್ಳೇ. ಕೆಲವು ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚಲೂ ಮನಸ್ಸಾಗದೆ ಹೊಸ್ತಿಲಲ್ಲೇ ಕೂತುಬಿಡುತ್ತಿದ್ದೆ.

ಸಾವಿಗೆ ನಮ್ಮಲ್ಲಿರುವಷ್ಟು ಮಾತು ಊಟಕ್ಕೂ ಇಲ್ಲ. ತೀರಿಕೊಂಡರು, ಕಾಲವಾದರು, ದೈವಾಧೀನರಾದರು, ವೈಕುಂಠವಾಸಿಗಳಾದರು. ಏನೂ ತೋಚದಿದ್ದರೆ ಬರೀ ‘ಹೋಗಿಬಿಟ್ಟರು’. ದೀಪ ಆರಿಸು ಎನ್ನಲೂ ಅಂಜಿ ‘ದೊಡ್ಡದು ಮಾಡು’ ಎನ್ನುವ ಜನ ನಾವು, ಸತ್ತರು ಎಂದು ನೇರವಾಗಿ ಹೇಳುತ್ತೇವೆಯೇ? ಇಲಿ ಸಾಯುತ್ತದೆ, ಜಿರಲೆ ಸಾಯುತ್ತದೆ. ಮನುಷ್ಯರು ಮಾತ್ರ ಎಲ್ಲಿಗೋ ಹೋಗುತ್ತಾರೆ. ದೊಡ್ಡವರಿಗೆ ಇದರಿಂದ ತೊಂದರೆಯಿಲ್ಲ. ಮಕ್ಕಳು ಮಾತ್ರ ‘ಹೋದರು’ ಎಂದರೆ ಯಾವ ಗಾಡಿಗೆ ಎಂದು ಕೇಳುತ್ತವೆ.

ಆ ಮೇ ತಿಂಗಳಲ್ಲಿ ಲಕ್ಷ್ಮೀ ನಗರದ ಒಂದು ಮನೆಗೆ ಹೋಗಬೇಕಾಯಿತು. ಧಾರವಾಡದ ಕಡೆಯವರು. ಕೇಂದ್ರ ಸರಕಾರದ ಕಚೇರಿಯಲ್ಲಿದ್ದ ಯಜಮಾನರು ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. (ನೋಡಿ, ನಾನೂ ತೀರಿಕೊಂಡಿದ್ದರು ಎಂದೇ ಬರೆದೆ.) ಮನೆಯಲ್ಲಿ ಹೆಂಡತಿ ಸುಮಿತ್ರಾ, ಮಗನ ಆರೈಕೆಗೆಂದು ಊರಿಂದ ಬಂದಿದ್ದ ಅತ್ತೆ, ಆರು ವರ್ಷದ ಮಗಳು ಅಶ್ವಿನಿ. ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರ ಬಾಯಲ್ಲೂ ಕಾಕೂ (ಚಿಕ್ಕಮ್ಮ), ನನ್ನನ್ನು ಕರೆದುಕೊಂಡು ಹೋದರು.

“ಕೂಸು ಒಂದ್ ಹನಿ ಕಣ್ಣೀರ ಹಾಕಿಲ್ಲರೀ. ಊಟಾ ಸುದ್ದಾ ಬರೋಬರ್ ಮಾಡವೊಲ್ತು” ಎಂದರು ಸುಮಿತ್ರಾ.

ಸೂತಕದ ಮನೆಯಲ್ಲಿ ಪೂಜೆಯಿಲ್ಲವಲ್ಲ, ದೇವರ ಮನೆಯ ಬಾಗಿಲು ಮುಚ್ಚಿ ಮೇಲಿನ ಚಿಲಕ ಹಾಕಿದ್ದರು. ಅಶ್ವಿನಿ ಅದರ ಮುಂದೆಯೇ ಕೂತಿರುತ್ತಿದ್ದಳು. ನಾನು ನನ್ನ ತರಬೇತಿಗೆ ತಕ್ಕಂತೆ ಕಾಗದ, ಬಣ್ಣದ ಕಡ್ಡಿ ಹರಡಿ ನೆಲದ ಮೇಲೆ ಕೂತೆ. ಸೆಕೆ ತಡೆಯಲಾರದೆ ಗಾಲಿಯ ಮೇಲಿದ್ದ ಕೂಲರನ್ನು ನನ್ನ ಕಡೆ ತಿರುಗಿಸಿಕೊಂಡೆ. ಅವಳು ಎದ್ದು ಬಂದು ಅದನ್ನು ಮುಚ್ಚಿದ ಬಾಗಿಲ ಕಡೆ ತಿರುಗಿಸಿದಳು. ನಾನು ಮತ್ತೆ ಎಳೆದುಕೊಂಡೆ. ಅವಳು ಮತ್ತೆ ತಳ್ಳಿದಳು. ಎರಡನೆಯ ಸಲ ಹೋದಾಗಲೂ ಇದೇ ಜಗ್ಗಾಟ. ಮನೆಗೆ ಬಂದು ಫೈಲಿನಲ್ಲಿ ‘ಹಟದ ಸ್ವಭಾವ’ ಎಂದು ಬರೆದೆ. ಬರೆದವಳ ಸ್ವಭಾವದ ಬಗ್ಗೆ ಏನೂ ಬರೆಯಲಿಲ್ಲ.

ಮೂರನೆಯ ಸಲ ಹೋದದ್ದು ಹನ್ನೆರಡನೆಯ ದಿನ. ಅಂದು ನನಗೆ ಜಗ್ಗಾಡುವ ತ್ರಾಣವೂ ಇರಲಿಲ್ಲ. ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ಸುಮ್ಮನೆ ಕೂತೆ. ಬಾಗಿಲ ಸಂದಿಯಲ್ಲಿ ಒಣಗಿದ ಚಪಾತಿಯ ತುಂಡು ಕಾಣಿಸಿತು.

“ಇದು ಯಾರಿಗೆ ಪುಟ್ಟಾ?”

“ಅಪ್ಪಗ. ಒಳಗ ಫ್ಯಾನ್ ಇಲ್ಲ ಮೌಶಿ, ಅವಗ ಭಾಳ ಗರ್ಮಿ ಆಗ್ತದ. ನೀವು ಕೂಲರ್ ತಗೋಬ್ಯಾಡ್ರಿ.”

ಅಪ್ಪ ಒಳಗಿದ್ದಾರೆಂದು ಯಾರು ಹೇಳಿದರು ಎಂದು ಕೇಳಿದೆ. ಕಾಕೂ ಹೇಳಿದ್ದರಂತೆ, ಆಸ್ಪತ್ರೆಯಿಂದ ಸುದ್ದಿ ಬಂದ ದಿನ, ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡು: “ತುಝೇ ಬಾಬಾ ದೇವಾಘರೀ ಗೇಲೇ, ಬಾಳಾ.” ಮರಾಠಿಯವರು ಸಾವಿಗೆ ಹೇಳುವ ಮೃದುವಾದ ಮಾತು ಅದು; ಅಕ್ಷರಶಃ ದೇವರ ಮನೆಗೆ ಹೋದರು, ಅಂದರೆ ದೇವರ ಬಳಿಗೆ ಸೇರಿದರು ಎಂದು. ಹೊರಗೆ ಮರಾಠಿ, ಮನೆಯಲ್ಲಿ ಕನ್ನಡ ಆಡುವ ಹುಡುಗಿ ಅದನ್ನು ಚೊಕ್ಕವಾಗಿ ಕನ್ನಡ ಮಾಡಿಕೊಂಡಿದ್ದಳು. ಅವಳ ಲೆಕ್ಕದಲ್ಲಿ, ದೇವರ ಮನೆಗೆ ಹೋದ ಅಪ್ಪನನ್ನು ಅಂದೇ ಅಜ್ಜಿ ಒಳಗಿಟ್ಟು ಚಿಲಕ ಹಾಕಿದ್ದರು.

“ನಾಳೆ ಬಾಗಲಾ ತಗೀತಾರ. ಅಪ್ಪ ಬರ್ತಾನ” ಎಂದಳು.

ಎರಡು ದಿನ ಆ ತಂದೆಯ ಗಾಳಿಯನ್ನು ಕಸಿದವಳು ನಾನು! ನಾಳೆ ಹದಿಮೂರು, ಬಾಗಿಲು ತೆಗೆದು ದೀಪ ಹಚ್ಚುತ್ತಾರೆ. ನೆಂಟರೆಲ್ಲ ತುಂಬಿದ ಮನೆಯಲ್ಲಿ ಈ ಮಗು ಒಳಗೆ ಇಣುಕುತ್ತದೆ. ಇವತ್ತೇ ಹೇಳಬೇಕಿತ್ತು. ಅಡುಗೆ ಮನೆಗೆ ಹೋಗಿ ಅತ್ತೆ ಸೊಸೆಗೆ ಎಲ್ಲ ತಿಳಿಸಿ, ಅಪ್ಪ ಸತ್ತರು ಎಂದು ಅದೇ ಶಬ್ದದಲ್ಲಿ ಹೇಳಿ ಎಂದೆ.

“ಬಿಡ್ತು ಅನ್ರಿ! ಕೂಸಿನ ಮುಂದ ಅಂಥಾ ಮಾತ?” ಅಜ್ಜಿ ಸಿಡುಕಿದರು. ಆಮೇಲೆ ಅಲ್ಲಿಂದಲೇ ಇಣುಕಿ ಮೊಮ್ಮಗಳನ್ನೂ ಆ ಚಪಾತಿಯ ತುಂಡನ್ನೂ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋಗಿ ಚಿಲಕಕ್ಕೆ ಕೈ ಹಾಕಿದರು. ಸೂತಕದಲ್ಲಿ ತೆಗೆಯಬಾರದಲ್ಲವೇ ಎಂದು ಸುಮಿತ್ರಾ ತಡೆದರು.

“ದೇವರಿಗೆ ನಾ ಹೇಳ್ಕೋತೀನಿ, ಬಿಡು” ಎಂದರು ಅಜ್ಜಿ.

ಬಟ್ಟೆ ಮುಚ್ಚಿದ ದೇವರುಗಳು, ಒಣಗಿದ ಹೂವು. ಅಶ್ವಿನಿ ಬಾಗಿಲ ಹಿಂದೆ ನೋಡಿದಳು, ಮಣೆಯ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ನಮ್ಮ ಮುಖ ನೋಡಿದಳು. ಹೇಳಲು ನಾನು ಬಾಯಿ ತೆರೆದೆ. ಆದರೆ ಹೇಳಿದವರು ಸುಮಿತ್ರಾ, ಮಗಳನ್ನು ಅವಚಿಕೊಂಡು: “ಅಪ್ಪ ಸತ್ತಾರವಾ. ಇನ್ನ ಬರೂದಿಲ್ಲ. ಯಾರೂ ಅವರನ್ನ ಕೂಡಿಹಾಕಿಲ್ಲ.”

ಹನ್ನೆರಡು ದಿನದ ಅಳುವೆಲ್ಲ ಒಮ್ಮೆಗೇ ಬಂತು. ಮೂವರೂ ಬಾಗಿಲಲ್ಲೇ ಕುಸಿದು ಕೂತು ಅತ್ತರು. ನಾನು ಫೈಲು ಎದೆಗವಚಿಕೊಂಡು ಗೋಡೆ ನೋಡುತ್ತಿದ್ದೆ. ಅಳು ಇಳಿದ ಮೇಲೆ ಅಶ್ವಿನಿ ಮೂಗು ಸುರಿಸುತ್ತ ನನ್ನ ಕಡೆ ತಿರುಗಿದಳು.

“ಮೌಶಿ, ನಿಮ್ಮಪ್ಪ ಎಲ್ಲಿದ್ದಾರ?”

“ಅವರು ಇಲ್ಲ ಪುಟ್ಟಾ.”

“ಇಲ್ಲ ಅಂದ್ರ?”

“ಸತ್ತು ಹೋದರು” ಎಂದೆ. ಆ ಶಬ್ದವನ್ನು ನನ್ನ ಅಪ್ಪನಿಗೆ ಜೋಡಿಸಿ ಹೇಳಿದ್ದು ಅದೇ ಮೊದಲು.

“ನೀವು ಅತ್ತ್ರೀ?”

“ಎಲ್ಲಿ ಆಯ್ತು? ಬಂದವರಿಗೆಲ್ಲ ನಾನೇ ಕಾಫಿ ಮಾಡಬೇಕಿತ್ತಲ್ಲ.”

ಅವಳು ಸ್ವಲ್ಪ ಯೋಚಿಸಿ, ತಾಯಿಯ ಪಕ್ಕದಲ್ಲಿ ಒತ್ತರಿಸಿಕೊಂಡು ನನಗೆ ಜಾಗ ಮಾಡಿಕೊಟ್ಟಳು.

“ಹಂಗಾರ ಈಗ ಅಳ್ರಿ. ಚಾ ಅಜ್ಜಿ ಮಾಡ್ತಾಳ.”

ಅಜ್ಜಿ ನಿಜಕ್ಕೂ ಚಾ ಇಡಲು ಎದ್ದರು. ನನಗೆ ಇನ್ನು ಯಾವ ನೆಪವೂ ಉಳಿಯಲಿಲ್ಲ.