ಡೀಸೆಲ್ ಕುಡಿದ ಅಂಗಳ

ಮೊನ್ನೆ ಬಂಕಿನಲ್ಲಿ ನಾಲ್ಕು ಹನಿ ಡೀಸೆಲ್ ಕೈಮೇಲೆ ಚೆಲ್ಲಿತು. ಸೋಪು ಹಾಕಿ ಉಜ್ಜಿದರೂ ವಾಸನೆ ಹೋಗಲಿಲ್ಲ. ಊಟಕ್ಕೆ ಕೂತರೆ ಅನ್ನದ ತುತ್ತಿನ ಜೊತೆ ನಸೀಮಾಳ ನೆನಪೂ ಬಂತು. ಮಲ್ಲಿಗೆ ಮೂಸಿ ಹೆಣ್ಣುಮಕ್ಕಳನ್ನು ನೆನೆಯುವವರಿದ್ದಾರೆ. ನನ್ನ ಹಣೆಯಲ್ಲಿ ಬರೆದದ್ದು ಇದು.

ಹುಣಸೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಅವಳ ಅಪ್ಪನ ಲಾರಿ ಗ್ಯಾರೇಜು. ಅವರು ದುಡಿದಷ್ಟು ಕಾಲವೂ ಡೀಸೆಲ್ಲು, ಎಂಜಿನ್ ಆಯಿಲ್ಲು ಆ ನೆಲಕ್ಕೆ ಇಳಿದಿತ್ತು. ಅಲ್ಲಿ ಗರಿಕೆಯೂ ಹುಟ್ಟುತ್ತಿರಲಿಲ್ಲ. ಗರಿಕೆ ಗೊತ್ತಲ್ಲ, ಬೇಡವೆಂದರೂ ಬರುವ ಜಾತಿ! ನಮ್ಮ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಚಿಕ್ಕಂದಿನಲ್ಲಿ ನಾನದನ್ನು ಕಾಮನಬಿಲ್ಲೆಂದು ಗೆಳೆಯರಿಗೆ ತೋರಿಸಿ ಮೆರೆದಿದ್ದೆ.

ಅವಳ ಅಪ್ಪ ತೀರಿಕೊಂಡ ಮೇಲೆ ಅಣ್ಣ ಅನ್ವರ್ ಅಲ್ಲಿ ಮಳಿಗೆ ಕಟ್ಟಲು ಹೊರಟ. ಕೆಟ್ಟ ಮಣ್ಣನ್ನು ಕೆತ್ತಿ ಕೆರೆಯಂಗಳಕ್ಕೆ ಸುರಿಯಲು ಟ್ರ್ಯಾಕ್ಟರ್ ಕರೆಸಿದ. ಮೈಸೂರಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿ ಬಂದಿದ್ದ ನಸೀಮಾ ಗೇಟಿಗೆ ಅಡ್ಡ ನಿಂತಳು.

"ಪಕ್ಕಕ್ಕೆ ಬಾ. ಎಲ್ರೂ ಅಲ್ಲೇ ತಾನೇ ಸುರಿಯೋದು?" ಅಂದ ಅನ್ವರ್.

"ಸುರೀಲಿ ಭಾಯ್. ಅಬ್ಬಾ ಚೆಲ್ಲಿದ್ದು ನಮ್ಮ ಅಂಗಳದಲ್ಲಿ. ಊರೋರ ದನ ಕುಡಿಯೋ ನೀರಿಗೆ ಅದ್ನ ನಾನು ಕಳ್ಸಾಕಿಲ್ಲ."

"ಮತ್ತೇನ್ಮಾಡ್ತೀಯಾ, ತಿಂತೀಯಾ?"

"ನಾನಲ್ಲ. ತಿನ್ನೋ ಜೀವಗಳು ಮಣ್ಣೊಳಗೇ ಅವೆ. ಅವುಕ್ಕೆ ಗಾಳಿ, ನೀರು, ಒಂದಿಷ್ಟು ಗೊಬ್ಬರ ಕೊಡ್ಬೇಕು, ಅಷ್ಟೇ."

ಟ್ರ್ಯಾಕ್ಟರ್ ಖಾಲಿ ಹೋಯಿತು. ಅನ್ವರ್ ತಂಗಿಯೊಡನೆ ಮಾತು ಬಿಟ್ಟ.

ಅವಳು ಅಂಗಳ ಅಗೆಸಿ, ಮಣ್ಣನ್ನು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡೆ ಹಾಕಿ, ಸಗಣಿ ಗೊಬ್ಬರ ಬೆರೆಸಿದಳು. ನೀರು ಚಿಮುಕಿಸುವುದು, ತಿರುವಿ ಹಾಕುವುದು, ಮಳೆ ಬಂದರೆ ಟಾರ್ಪಾಲು ಹೊದಿಸುವುದು. ಸಗಣಿ ನಮ್ಮ ಕೊಟ್ಟಿಗೆಯದು. ಅಷ್ಟರಿಂದಲೇ ನಾನು ವಿಜ್ಞಾನಿಯ ಗತ್ತಿನಲ್ಲಿ ಓಡಾಡಿದೆ.

"ಮದ್ವೆ ಆಗೋ ವಯಸ್ನಾಗೆ ಸಗಣಿ ಕಲಸ್ತಾವ್ಳಲ್ಲಾ," ಎಂದಳು ಬೀದಿಯ ಒಬ್ಬ ಹೆಂಗಸು.

"ಕಲ್ಸೋಕೆ ಬರೋ ಗಂಡಿದ್ರೆ ಕಳ್ಸಿ ಅಕ್ಕ," ಎಂದಳು ನಸೀಮಾ, ಸಲಿಕೆ ಕೆಳಗಿಡದೆ.

ಮೊದಲ ಮಳೆಗಾಲ ಸೋಲು. ಪರೀಕ್ಷೆಗೆಂದು ಹಾಕಿದ ಹೆಸರುಕಾಳು ಕೊಳೆತುಹೋಯಿತು. ನಕ್ಕವರು ಇನ್ನಷ್ಟು ನಕ್ಕರು. ನೀರು ಹೆಚ್ಚಾಗಿ ಮಣ್ಣು ಉಸಿರುಗಟ್ಟಿದೆ ಎಂದು ಅವಳು ಗುಡ್ಡೆ ಒಡೆದು, ಭತ್ತದ ಹೊಟ್ಟು ಬೆರೆಸಿ ಮತ್ತೆ ಕಟ್ಟಿದಳು. ಚಳಿಗಾಲದ ಬೆಳಿಗ್ಗೆ ತಿರುವಿದರೆ ಒಳಗಿನಿಂದ ಬೆಚ್ಚನೆಯ ಹಬೆ ಏಳುತ್ತಿತ್ತು. ಮುಂದಿನ ಮುಂಗಾರಿನ ಹೊತ್ತಿಗೆ ಕಾಳು ಮೊಳೆಯಿತು. ಅನ್ವರ್ ಬಂದು ಒಂದು ಹಿಡಿ ಮಣ್ಣು ಮೂಸಿ ನೋಡಿದ. ತಂಗಿಯ ಕೈಯಿಂದ ಸಲಿಕೆ ತೆಗೆದುಕೊಂಡ.

"ಇನ್ನು ಸೊಪ್ಪು ಬೆಳೀಬೋದು," ಅಂದೆ ನಾನು.

"ಬ್ಯಾಡ ಅಣ್ಣ. ಸೀಸದಂಥ ಲೋಹಾನ ಈ ಜೀವಗಳು ತಿನ್ನಲ್ಲ, ಅದು ಮಣ್ಣಲ್ಲೇ ಉಳ್ದಿರ್ತದೆ. ಹೊಂಗೆ ನೆಡೋಣ."

ಗೆದ್ದ ದಿನವೂ ಸುಳ್ಳು ಹೇಳದ ಹುಡುಗಿ. ಮಳಿಗೆಗಳು ಅಂಗಳದ ಮುಂದಿನ ಅರ್ಧದಲ್ಲಿ ಎದ್ದವು. ಹಿಂದೆ ಹೊಂಗೆ ಎದ್ದಿತು.

ಮೊನ್ನೆ ಊಟ ಮುಗಿಸಿ ಅವಳಿಗೆ ಫೋನ್ ಮಾಡಿದೆ. ಗುರುಪುರದ ಹತ್ತಿರ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನ ಮಣ್ಣಿಗೆ ಕೈಹಾಕಿದ್ದಾಳೆ. ಶೆಡ್ಡಿನವರು ಒಪ್ಪಿದ್ದಾರೆ. ಊರಿನ ದೊಡ್ಡವರು ಮಾತ್ರ ಹಳ್ಳಕ್ಕೆ ಸುರಿದು ಮುಗಿಸಿ ಎಂದು ಪಟ್ಟು ಹಿಡಿದಿದ್ದಾರಂತೆ.

"ಮತ್ತೆ?" ಅಂದೆ.

"ಮತ್ತೇನಣ್ಣ, ಬೆಳಿಗ್ಗೆ ಅಗೆಯೋಕೆ ಶುರು ಮಾಡ್ತೀವಿ."

ನನ್ನ ಸೊಂಟನೋವಿನ ಕಥೆ ಹೇಳಬೇಕೆಂದಿದ್ದವನು, ನನಗೂ ಒಂದು ಗುದ್ದಲಿ ಇಟ್ಟಿರಲು ಹೇಳಿ ಫೋನಿಟ್ಟೆ.